ಬಾಲ ಒಂದು, ಗೋಡೆ ನಾಲ್ಕು

ನಮಸ್ಕಾರ. ಲಿಫ್ಟ್‌ನಲ್ಲಿ ಬೆಳಕಿಲ್ಲ, ಅದಕ್ಕೇ ಈ ಶಾಟ್ ಮಬ್ಬು. ಉದ್ದ ಮೂತಿಯವಳು ಗಿರ್ಮಿಟ್, ಮುಧೋಳ ನಾಯಿ. ಮೂಲೆಗೆ ಒರಗಿ ಸಿಡುಕುಮುಖ ಹಾಕಿಕೊಂಡಿರುವವನು ರಾಜಪ್ಪ. ಅವನ ಜಾತಿ ಯಾವುದು ಅಂತ ಕೇಳಬೇಡಿ. ನಮ್ಮ ಬೀದಿಯವನು, ಅಷ್ಟೇ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಈ ಮನೆಗೆ ಬಂದವರು. ರಾಜಪ್ಪ ತಾನೇ ನಡೆದು ಬಂದ. ಗಿರ್ಮಿಟ್‌ಳನ್ನು ನಾಯಿಗಳನ್ನು ಕಾಪಾಡುವ ಒಬ್ಬರು ಹೆದ್ದಾರಿ ಪಕ್ಕದಿಂದ ಎತ್ತಿಕೊಂಡು ಬಂದಿದ್ದರು. ಅವರು ನಮ್ಮ ಮನೆಗೆ ಬಂದು ಬಾಲ್ಕನಿ ಗ್ರಿಲ್ ಅಲ್ಲಾಡಿಸಿ ನೋಡಿ, ಆಮೇಲೆ ಕೊಟ್ಟರು.

ಮೂರನೇ ಮಹಡಿಯಲ್ಲಿ ಲಿಫ್ಟ್ ನಿಂತಿದ್ದು ನೋಡಿದಿರಲ್ಲ, ಹತ್ತದೇ ಹೋದರಲ್ಲ, ಅವರದು ದಿನಾ ಇದೇ ಕತೆ. ನಾಯಿಗೆ ಲಿಫ್ಟ್ ಇಲ್ಲ ಅಂತ ಸಂಘ ನಿಯಮ ಮಾಡುವ ಹಾಗಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಕಾಗದ ಪ್ರಿಂಟ್ ಮಾಡಿ ಇಟ್ಟುಕೊಂಡಿದ್ದೇನೆ. ಹಾಗಂತ ಅವರ ಮುಖಕ್ಕೆ ಹಿಡಿಯಲಿಕ್ಕೆ ಮನಸ್ಸಿಲ್ಲ. ಅವರಿಗೆ ನಿಜಕ್ಕೂ ಭಯ. ಬರಲಿ ಬಿಡಿ, ಇನ್ನೊಂದು ಲಿಫ್ಟ್ ಇದೆ.

ಕೊರಳಪಟ್ಟಿ ಹತ್ತಿರ ತೋರಿಸುತ್ತಿದ್ದೇನೆ, ನೋಡಿ. ಇದು ಅಗಲವಾಗಿದೆ, ಎಳೆದರೆ ಸ್ವಲ್ಪ ಬಿಗಿಯಾಗುತ್ತದೆ, ಬಿಟ್ಟರೆ ಸಡಿಲ. ಮಾರ್ಟಿಂಗೇಲ್ ಅಂತಾರೆ. ಇವಳ ತಲೆ ಕುತ್ತಿಗೆಗಿಂತ ಸಣ್ಣದು. ಮಾಮೂಲಿ ಪಟ್ಟಿ ಹಾಕಿದರೆ ಎರಡು ಹೆಜ್ಜೆ ಹಿಂದೆ ಸರಿದು ತಲೆ ಹೊರಗೆ ತೆಗೆದುಬಿಡುತ್ತಾಳೆ. ಗ್ರೇಹೌಂಡ್, ಸಲೂಕಿ, ಮುಧೋಳ, ಈ ಉದ್ದ ಮೂತಿಯವರದೆಲ್ಲ ಇದೇ ಕತೆ. ಆ ಕೂದಲಿಲ್ಲದ ಪಟ್ಟೆ ಇದೆಯಲ್ಲ ಕುತ್ತಿಗೆ ಸುತ್ತ, ಅದು ಹಳೇ ಹಗ್ಗದ್ದು. ಯಾರೋ ಕಾವಲಿಗೆ ಅಂತ ತಂದು ಕಟ್ಟಿಹಾಕಿದ್ದಿರಬೇಕು. ಕಟ್ಟಿಹಾಕಲಿಕ್ಕೆ ಮುಧೋಳ ನಾಯಿ ಯಾಕೆ ಬೇಕಿತ್ತೋ ನನಗಂತೂ ಅರ್ಥವಾಗಿಲ್ಲ.

ಬಂದರು, ಅಜ್ಜಿ ಬಂದರು. "ಪಾಪ, ಊಟ ಹಾಕಲ್ವೇನಮ್ಮಾ?" ಧ್ವನಿ ಕೇಳಿಸಿತಾ? ದಿನಾ ಕೇಳುತ್ತಾರೆ. ಮೇರಿ ಬಿಸ್ಕತ್ತೂ ಹಿಡಿದುಕೊಂಡೇ ಬರುತ್ತಾರೆ. ಅಜ್ಜೀ, ಇವಳು ನನಗಿಂತ ಚೆನ್ನಾಗಿ ತಿನ್ನುತ್ತಾಳೆ. ಹಿಂದಿನ ಎರಡು ಮೂರು ಪಕ್ಕೆಲುಬು ಕಾಣಬೇಕು, ಈ ನಾಯಿಗಳಿಗೆ ಅದೇ ಸರಿಯಾದ ಮೈ. ಪಕ್ಕೆಲುಬು ಮುಚ್ಚಿತು ಅಂದರೆ ಡಾಕ್ಟರು ನನಗೆ ಬೈಯುತ್ತಾರೆ. ಅತ್ತ ರಾಜಪ್ಪನನ್ನು ನೋಡಿ, ದುಂಡಗಿದ್ದಾನೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ.

ಸರಿ, ಟರ್ಫ್‌ಗೆ ಬಂದೆವು. ಹುಡುಗರು ಬಾಕ್ಸ್ ಕ್ರಿಕೆಟ್ ಆಡುವ ಜಾಗ, ಸುತ್ತಲೂ ಎತ್ತರದ ಬಲೆ. ಬೆಳಿಗ್ಗೆ ಬೇಗ ಬಂದರೆ ನಾಯಿ ಬಿಡಲಿಕ್ಕೆ ಕೊಡುತ್ತಾರೆ, ಅರ್ಧ ಗಂಟೆಗೆ 400 ರೂಪಾಯಿ. ಬಲೆ ಇಲ್ಲದ ಜಾಗದಲ್ಲಿ ನಾನು ಇವಳ ಹಗ್ಗ ಬಿಚ್ಚುವುದೇ ಇಲ್ಲ. "ನಮ್ಮ ನಾಯಿ ಕರೆದರೆ ಬರುತ್ತೆ" ಅಂತ ಕಾಮೆಂಟ್ ಹಾಕುತ್ತೀರಿ. ನಿಮ್ಮದು ಲ್ಯಾಬ್ರಡಾರ್, ಬರುತ್ತದೆ. ಇವಳು ಮೂಗಿನಿಂದ ಬೇಟೆ ಹುಡುಕುವ ನಾಯಿ ಅಲ್ಲ, ಕಣ್ಣಿನಿಂದ ಹುಡುಕುವ ನಾಯಿ. ಕಣ್ಣುಗಳು ತಲೆಯ ಎರಡೂ ಬದಿಗಿವೆ, ಸುಮಾರು 270 ಡಿಗ್ರಿ ಕಾಣುತ್ತದೆ. ದೂರದಲ್ಲಿ ಏನಾದರೂ ಅಲ್ಲಾಡಿದರೆ ಸಾಕು, ಅಷ್ಟೇ, ಕಿವಿ ಬಂದ್. ಬೆಕ್ಕೋ ಗಾಳಿಗೆ ಹಾರುವ ಪ್ಲಾಸ್ಟಿಕ್ ಕವರೋ ಅಂತ ತಿಳಿಯುವಷ್ಟರಲ್ಲಿ ಮುಂದಿನ ರಸ್ತೆ ದಾಟಿರುತ್ತಾಳೆ. ಬೆಂಗಳೂರಿನ ರಸ್ತೆ ಹೇಗಿದೆ ಅಂತ ನಾನು ಹೇಳಬೇಕಾ?

ಓಡುತ್ತಿದ್ದಾಳೆ, ನೋಡಿ. ಇದನ್ನು ಸ್ಲೋ ಮೋಷನ್ ಮಾಡಿದ್ದೇನೆ. ನಾಲ್ಕೂ ಕಾಲು ನೆಲ ಬಿಟ್ಟಿವೆ. ಗ್ರೇಹೌಂಡ್ ಗಂಟೆಗೆ 70 ಕಿಲೋಮೀಟರ್ ಹತ್ತಿರ ಹೋಗುತ್ತದೆ. ಮುಧೋಳಕ್ಕೆ ಅಷ್ಟು ವೇಗ ಇಲ್ಲ, ಆದರೆ ದಮ್ಮು ಜಾಸ್ತಿ, ದೂರ ಓಡುತ್ತದೆ. ಬಾಗಲಕೋಟೆ ಕಡೆ ಬಯಲು ನೆಲ ನೋಡಿದವರಿಗೆ ಯಾಕೆ ಅಂತ ಗೊತ್ತಾಗುತ್ತದೆ. ಮೊಲ ಕಂಡರೆ ಅದು ಓಡಿದಷ್ಟು ದೂರ ಇವೂ ಓಡಬೇಕಿತ್ತು. ಈಗ ಮೊಲದ ಬೇಟೆ ವನ್ಯಜೀವಿ ಕಾನೂನಿಗೆ ವಿರುದ್ಧ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಮತ್ತೆ ಬೆಳೆಸಿ, ಬ್ರಿಟನ್ನಿನ ಐದನೇ ಜಾರ್ಜ್‌ಗೆ ಒಂದು ಜೋಡಿ ಕೊಟ್ಟಿದ್ದರಂತೆ. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಸೈನ್ಯದವರು ಮೀರತ್‌ಗೆ ಕರೆದುಕೊಂಡು ಹೋಗಿ ತರಬೇತಿ ಶುರು ಮಾಡಿದರು. 2020ರಲ್ಲಿ ಪ್ರಧಾನಿಯವರು ಮನ್ ಕೀ ಬಾತ್‌ನಲ್ಲಿ ಹೆಸರು ಹೇಳಿದರು. ಅಲ್ಲಿಗೆ ಶುರುವಾಯಿತು ನೋಡಿ, ಎಲ್ಲರಿಗೂ ಬೇಕು. ಹೆಮ್ಮೆ ಪಡುವುದು ಸರಿ, ನನಗೂ ಹೆಮ್ಮೆ ಇದೆ. ಆದರೆ ಹೆಮ್ಮೆಗೆ ಅಂತ ತಂದ ನಾಯಿ ಬೆಳಿಗ್ಗೆ ಎದ್ದು ಮೂತ್ರಕ್ಕೂ ಹೋಗಬೇಕು, ಅದನ್ನು ಯಾರು...

ಅಯ್ಯೋ, ನಿಂತೇಬಿಟ್ಟಳು. ಮುಗಿಯಿತು. ಓಡಿದ್ದು ಹೆಚ್ಚೆಂದರೆ ಎರಡು ಮೂರು ನಿಮಿಷ, ಉಳಿದ ಸಮಯ ಹುಲ್ಲಿನ ಮೇಲೆ ಮಲಗುವುದು. 400 ರೂಪಾಯಿ ಕೊಟ್ಟು ಮಲಗುವುದು. ಮನೆಯಲ್ಲಿ ಬಿಟ್ಟಿ ಸೋಫಾ ಇತ್ತಲ್ಲೇ!

ಮನೆಗೆ ಬಂದೆವು. ಈಗ ಎಲ್ಲರೂ ಕೇಳುತ್ತಿದ್ದ ಗೋಡೆ ವಿಷಯ. ಹಿಂದಿನ ವಿಡಿಯೋದಲ್ಲಿ ನನ್ನ ಹಿಂದೆ ಕೆಂಪು ಚುಕ್ಕೆಗಳು ಕಂಡವಂತೆ. ಹೊಸ ಡಿಸೈನಾ ಅಂತ ಒಬ್ಬರು ಕೇಳಿದ್ದಾರೆ. ಡಿಸೈನ್ ಅಲ್ಲ, ರಕ್ತ.

ಗಾಬರಿ ಬೇಡ. ಅದು ಬಾಲದ ರಕ್ತ. ಇವಳ ಬಾಲ ಉದ್ದ, ತೆಳ್ಳಗೆ, ತುದಿಯಲ್ಲಿ ಕೂದಲೂ ಇಲ್ಲ, ಮಾಂಸವೂ ಇಲ್ಲ. ನಾನು ಬಾಗಿಲು ತೆಗೆದಾಗ ಖುಷಿಗೆ ಬೀಸುತ್ತಾಳೆ. ನಮ್ಮ ಪ್ಯಾಸೇಜ್ ಎಷ್ಟು ಅಗಲ ಅಂತ ನೋಡುತ್ತಿದ್ದೀರಲ್ಲ, ಬಾಲ ಆ ಕಡೆ ಬೀಸಿದರೂ ಗೋಡೆ, ಈ ಕಡೆ ಬೀಸಿದರೂ ಗೋಡೆ. ಟಪ್ ಟಪ್ ಟಪ್ ಅಂತ ಹೊಡೆದುಕೊಳ್ಳುತ್ತಲೇ ಇತ್ತು. ಒಂದು ದಿನ ತುದಿ ಸೀಳಿತು. ನೋವಾಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಬೀಸುವುದು ನಿಲ್ಲಿಸಲಿಲ್ಲ. ಹಾಲ್‌ಗೆ ಹೋಗಿ ಅಲ್ಲೂ ಬೀಸಿದಳು. ಟಿವಿ, ಪರದೆ, ದೇವರ ಫೋಟೋ, ಫ್ರಿಜ್ಜು, ಸೀಲಿಂಗ್ ಕೂಡ. ಯಾರೋ ಮನೆಯೊಳಗೆ ಓಕುಳಿ ಆಡಿದ ಹಾಗಿತ್ತು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವರು ಬಂದರು. ಬಾಗಿಲಲ್ಲೇ ನಿಂತು ಒಳಗೆ ನೋಡಿ, ಸಿಲಿಂಡರ್ ಅಲ್ಲೇ ಇಟ್ಟು ಹೊರಟುಹೋದರು. ದುಡ್ಡು ಕೇಳಲಿಲ್ಲ. ಸಂಜೆ ಫೋನ್ ಮಾಡಿದರು.

ಡಾಕ್ಟರ ಹತ್ತಿರ ಹೋದರೆ ಅವರು ನಕ್ಕರು. ಇದಕ್ಕೆ ಇಂಗ್ಲಿಷಿನಲ್ಲಿ ಹ್ಯಾಪಿ ಟೇಲ್ ಅಂತಾರಂತೆ. ಖುಷಿಯಂತೆ! ಹೊಲಿಗೆ ಹಾಕಿದರೂ ಮತ್ತೆ ಹೊಡೆದುಕೊಂಡರೆ ಬಿಚ್ಚುತ್ತದೆ, ವಾಸಿಯಾಗದೇ ಇದ್ದರೆ ಕೆಲವು ನಾಯಿಗಳಿಗೆ ತುದಿ ಕತ್ತರಿಸಬೇಕಾಗುತ್ತದೆ ಅಂದರು. ನನಗೆ ಅದಕ್ಕಿಂತ ಅರಿವಳಿಕೆಯದೇ ಭಯ ಜಾಸ್ತಿ. ಈ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟಾಲ್ ತರಹದ ಹಳೇ ಅರಿವಳಿಕೆ ಮದ್ದು ಕೊಟ್ಟರೆ ಗ್ರೇಹೌಂಡ್‌ಗಳು ಎಚ್ಚರವಾಗಲಿಕ್ಕೆ ತುಂಬಾ ಹೊತ್ತು ತೆಗೆದುಕೊಳ್ಳುತ್ತವೆ. ಹಾಗೇ ಥೈರಾಯ್ಡ್ ಸಂಖ್ಯೆಯೂ ಅವುಗಳಲ್ಲಿ ಸಹಜವಾಗಿ ಕಡಿಮೆ ಇರುತ್ತದೆ. ರಿಪೋರ್ಟ್ ಮಾತ್ರ ನೋಡಿ ಮಾತ್ರೆ ಶುರು ಮಾಡಿಬಿಡಬಾರದು. ಉದ್ದ ಮೂತಿಯ ನಾಯಿ ಇದ್ದವರು ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ನಮ್ಮ ಡಾಕ್ಟರಿಗೆ ಗೊತ್ತಿತ್ತು. ಕೊನೆಗೆ ಹೊಲಿಗೆಯೇ ಬೇಡ ಅಂತ ತೀರ್ಮಾನವಾಯಿತು.

ಈಗ ಬಾಲಕ್ಕೆ ಹಾಕಿರುವುದು ದೊಡ್ಡ ಸಿರಿಂಜಿನ ಕೊಳವೆ. ಎರಡೂ ತುದಿ ಕತ್ತರಿಸಿ, ಗಾಳಿಯಾಡಲಿಕ್ಕೆ ತೂತು ಕೊರೆದು, ಒಳಗೆ ಮೆತ್ತನೆ ಬಟ್ಟೆ ಇಟ್ಟು, ಮೇಲೆ ಅಂಟುಪಟ್ಟಿ ಸುತ್ತಿದ್ದೇವೆ. ಬಿಗಿಯಾಗಿ ಸುತ್ತಿದರೆ ರಕ್ತ ಓಡುವುದಿಲ್ಲ, ಸಡಿಲ ಸುತ್ತಿದರೆ ಬೀಸಿದಾಗ ಹಾರಿಹೋಗುತ್ತದೆ. ಹಾರಿ ಸಾರಿನ ಪಾತ್ರೆಗೆ ಬಿದ್ದದ್ದೂ ಉಂಟು. ಆ ಸಾರು ಏನಾಯಿತು ಅಂತ ಕೇಳಬೇಡಿ. ಅತ್ತೆ ಈ ವಿಡಿಯೋ ನೋಡುತ್ತಾರೆ.

ಇನ್ನು ಬಣ್ಣದ ರೇಟು. ಗೋಡೆಗೆ ಡಿಸ್ಟೆಂಪರ್ ಹೊಡೆದಿದ್ದಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ರಕ್ತ ಹೋಗುವುದಿಲ್ಲ, ಬಣ್ಣ ಹೋಗುತ್ತದೆ. ಪೇಂಟರ್ ಬಂದು ನೋಡಿದರು. ಚುಕ್ಕೆ ಇರುವಲ್ಲಿ ಮಾತ್ರ ಹಚ್ಚಿ ಅಂದೆ. ತೇಪೆ ಕಾಣುತ್ತದೆ ಅಂದರು. ಒಂದು ಗೋಡೆ ಮಾಡಿ ಅಂದೆ. ಉಳಿದ ಮೂರು ಹಳೇದು ಕಾಣುತ್ತದೆ ಅಂದರು. ಹಾಲ್ ಮುಗಿಯುವಷ್ಟರಲ್ಲಿ ಪ್ಯಾಸೇಜ್ ಬಂತು, ಪ್ಯಾಸೇಜ್ ಅಂದಮೇಲೆ ಸೀಲಿಂಗ್. ಕೊನೆಗೆ 18,000 ರೂಪಾಯಿ. ನಾಯಿ ಬಂದದ್ದು ಬಿಟ್ಟಿ, ನಾಯಿಯ ಬಾಲ 18,000!

ಆಮೇಲೆ ಹೊಳೆಯಿತು. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಏನು ಮಾಡುತ್ತಾರೆ? ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೂ ಹಿಡಿದುಕೊಳ್ಳುತ್ತಾರೆ. ಹೇಗಿದ್ದರೂ ಆ ದುಡ್ಡು ಹೋಗುವುದೇ. ಹಾಗಿದ್ದಮೇಲೆ ನಾನ್ಯಾಕೆ ಈಗ ಹಚ್ಚಿಸಲಿ? ಇರಲಿ ಚುಕ್ಕೆ. ಮನೆಯವರು ಒಪ್ಪುತ್ತಿಲ್ಲ. ಸಂಕ್ರಾಂತಿಗೆ ನೆಂಟರು ಬರುತ್ತಾರಂತೆ. ಬರಲಿ, ಗಿರ್ಮಿಟ್ ಅವರನ್ನು ನೋಡಿಯೂ ಬಾಲ ಬೀಸುತ್ತಾಳೆ, ಹೊಸ ಬಣ್ಣದ ಮೇಲೆ ಹೊಸ ಚುಕ್ಕೆ. ಹೂಂ, ಈಗ ಹೇಳುತ್ತಾ ಹೇಳುತ್ತಾ ನನಗೇ ಅನಿಸುತ್ತಿದೆ, ಒರೆಸಲಿಕ್ಕೆ ಬರುವ ಪೇಂಟು ಪ್ಯಾಸೇಜ್‌ಗೆ ಮಾತ್ರ ಹೊಡೆಸಿದರೆ ಹೇಗೆ? ಸೊಂಟದ ಎತ್ತರದವರೆಗೆ ಸಾಕು.

ಮಲಗಿದ್ದಾಳೆ, ನೋಡಿ. ಬೆನ್ನ ಮೇಲೆ, ನಾಲ್ಕೂ ಕಾಲು ಸೀಲಿಂಗ್ ಕಡೆಗೆ. ಇನ್ನು ಮಧ್ಯಾಹ್ನದವರೆಗೆ ಎಬ್ಬಿಸುವ ಹಾಗಿಲ್ಲ. ಬೇಟೆ ನಾಯಿ ಫ್ಲಾಟ್‌ಗೆ ಆಗಲ್ಲ ಅಂತ ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಈಗ ಹೇಳುತ್ತೇನೆ, ಫ್ಲಾಟ್‌ಗೆ ಆಗದಿರುವುದು ಗಡಿಯಾರ ನೋಡದೆ ಕುಣಿಯುವ ನಾಯಿ. ಗಿರ್ಮಿಟ್‌ಗೆ ಒಂದು ಓಟ, ಎರಡು ನಡಿಗೆ, ಒಂದು ಹಾಸಿಗೆ ಸಾಕು. ಹಾಸಿಗೆ ಮಾತ್ರ ದಪ್ಪ ಇರಬೇಕು. ಎಲುಬಿನ ಮೇಲೆ ಬರೀ ಚರ್ಮ, ನೆಲದ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ಡಿಸೆಂಬರ್‌ನಲ್ಲಿ ಸ್ವೆಟರ್ ಕೂಡ ಬೇಕು. ಹೌದು, ಅದು ನನ್ನ ಹಳೇ ಸ್ವೆಟರಿನ ತೋಳು.

ಕಾವಲು? ಕಾವಲು ರಾಜಪ್ಪನದು. ಕಾಲಿಂಗ್ ಬೆಲ್ ಹೊಡೆಯುವ ಮೊದಲೇ ಬೊಗಳುತ್ತಾನೆ. ಗಿರ್ಮಿಟ್ ಒಂದು ಕಣ್ಣು ತೆರೆದು ನೋಡುತ್ತಾಳೆ. ಹೊಸಬರು ಮುಟ್ಟಲಿಕ್ಕೆ ಬಂದರೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ. ಎಲ್ಲ ಮುಧೋಳವೂ ಹೀಗೇ ಅಂತ ಹೇಳುತ್ತಿಲ್ಲ. ಹಳ್ಳಿಯಲ್ಲಿ ಹೊಲ ಕಾಯುವ ಮುಧೋಳ ಬೇರೆಯೇ ಪ್ರಾಣಿ, ಸುಮ್ನೆ ಹತ್ತಿರ ಹೋಗಬೇಡಿ.

ಅಡುಗೆಮನೆಗೆ ಬಂದೆವು. ಕಟ್ಟೆಯ ಮೇಲೆ ಏನೂ ಇಲ್ಲ, ಗಮನಿಸಿದಿರಾ? ನಾನು ಅಚ್ಚುಕಟ್ಟು ಅಂತಲ್ಲ. ಇವಳಿಗೆ ಹಾರಬೇಕಾಗಿಲ್ಲ, ನಿಂತಲ್ಲೇ ಮೂತಿ ಇಟ್ಟರೆ ಕಟ್ಟೆ ಸಿಗುತ್ತದೆ. ಬೆಣ್ಣೆ ಹೋಯಿತು, ಬೇಸರವಿಲ್ಲ. ಆದರೆ ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಹಾಗಾಗಿ ನಮ್ಮ ಮನೆಯ ಪಾಯಸಕ್ಕೆ ಈಗ ಬರೀ ಗೋಡಂಬಿ. ಊಟ ಅಂದರೆ ಜೋಳದ ರೊಟ್ಟಿ, ಮೊಟ್ಟೆ, ಕೋಳಿ. ಇವಳ ಊರಿನ ಕಡೆಯೂ ಜೋಳ, ಹಾಲು, ಮೊಟ್ಟೆ ಹಾಕಿಯೇ ಸಾಕುತ್ತಾರೆ. ತಿಂದ ಕೂಡಲೇ ಓಡಿಸುವುದಿಲ್ಲ. ಎದೆಗೂಡು ಆಳವಿರುವ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ. ಹಾಗಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಕೊನೆಯ ಕ್ಲಿಪ್ಪು, ಬೇಗ ಹೇಳುತ್ತೇನೆ. ಮರಿ ತರಬೇಕಾ, ದೊಡ್ಡದಾ? ಮುಧೋಳದ ಮರಿಯೇ ಬೇಕು ಅಂದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ರಸ್ತೆ ಬದಿ ಬುಟ್ಟಿಯಲ್ಲಿ ಮಾರುವವರ ಹತ್ತಿರ ಬೇಡ. ನನ್ನನ್ನು ಕೇಳಿದರೆ ದೊಡ್ಡದೇ ವಾಸಿ. ಅದರ ಸ್ವಭಾವ ಆಗಲೇ ಕಾಣುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ಬೆಕ್ಕಿನ ಎದುರು ಅದು ಹೇಗಿರುತ್ತದೆ ಅಂತ ಮೊದಲು ಕೇಳಿ. ಕೊಡುವವರು "ಅಡ್ಜಸ್ಟ್ ಆಗುತ್ತೆ" ಅಂದರೆ ನಂಬಬೇಡಿ, ಕಣ್ಣಾರೆ ನೋಡಿ. ಮೊದಲ ಕೆಲವು ವಾರ ನಾಯಿ ಮೂಲೆ ಬಿಟ್ಟು ಬರುವುದಿಲ್ಲ, ಎತ್ತಿ ಮುದ್ದಾಡಲಿಕ್ಕೆ ಹೋಗಬೇಡಿ. ಮುಖ್ಯವಾಗಿ ನಿಮ್ಮ ಪ್ಯಾಸೇಜ್ ಅಳತೆ ಮಾಡಿ. ತಮಾಷೆ ಅಲ್ಲ, ಟೇಪು ಹಿಡಿದು ಅಳೆಯಿರಿ.

ಬೆಲ್ ಆಯಿತು. ಪೇಂಟರ್ ಅಲ್ಲ, ಕೊರಿಯರ್. ರಾಜಪ್ಪಾ, ಸಾಕು ಮಾರಾಯ, ಗೊತ್ತಾಯಿತು. ಒಂದು ನಿಮಿಷ, ಗಿರ್ಮಿಟ್ ಎದ್ದಳು, ಬಾಲ ಹಿಡಿದುಕೊಳ್ಳಬೇಕು, ಕ್ಯಾಮೆರಾ ಕೆಳಗಿಡುತ್ತಿದ್ದೇನೆ.