ಸುಲ್ತಾನ್ ಬತ್ತೇರಿಯಿಂದ ದರಿಯಾ ದೌಲತ್‌ಗೆ

ಇದು ನಮ್ಮ ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿ. ಹೊಳೆಬಾಯಿಗೆ ಬರುವ ಹಡಗುಗಳ ಮೇಲೆ ಕಣ್ಣಿಡಲಿಕ್ಕೆ ಟಿಪ್ಪು ಕಟ್ಟಿಸಿದ ಬುರುಜು, 1784ರದ್ದು. ಇಸವಿ ನೆನಪಿರಲಿ. ಸಂಪಾಜೆ ಘಾಟಿ, ಮಡಿಕೇರಿ, ಹುಣಸೂರು ಎಲ್ಲ ಫಾಸ್ಟ್ ಫಾರ್ವರ್ಡ್. ಬಂತು ಶ್ರೀರಂಗಪಟ್ಟಣ. ಟಿಪ್ಪುವಿನ ಬೇಸಿಗೆ ಅರಮನೆ, ದರಿಯಾ ದೌಲತ್ ಬಾಗ್. ಇದಕ್ಕೂ 1784 ಅಂತಲೇ ಹೇಳುವುದು.

ಗೇಟಿನಿಂದ ಅರಮನೆ ಕಾಣುವುದೇ ಇಲ್ಲ ಮಾರಾಯ್ರೆ, ಕಾಣುವುದು ಬರೀ ಹಸಿರು ಪರದೆ. ಬಿಸಿಲು ತಾಗಿ ಗೋಡೆಯ ಬಣ್ಣ ಹೋಗಬಾರದು ಅಂತ ಸುತ್ತ ಇಳಿಬಿಟ್ಟಿದ್ದಾರೆ. ಒಳಗೆಲ್ಲ ತೇಗದ ಕಂಬ, ಅಗಲದ ಜಗಲಿ. ಸುತ್ತ ಪರ್ಷಿಯನ್ ಮಾದರಿಯ ತೋಟ, ಪಕ್ಕದಲ್ಲೇ ಕಾವೇರಿ. ನಮ್ಮ ಸೆಕೆಯಲ್ಲಿ ಬೆಂದು ಬಂದವರಿಗೆ ಇಲ್ಲಿನ ಗಾಳಿಯ ಬೆಲೆ ಬೇಗ ಗೊತ್ತಾಗ್ತದೆ.

ಒಳಗೆ ಕ್ಯಾಮೆರಾ ಬಿಡುವುದಿಲ್ಲ, ಹಾಗಾಗಿ ಬಾಯಲ್ಲೇ ಹೇಳ್ತೇನೆ. ಪಡುಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧ, ಹೈದರ್ ಮತ್ತು ಟಿಪ್ಪು ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದ್ದು. ಮದ್ದಿನ ಗಾಡಿ ಸಿಡಿಯುತ್ತಾ ಉಂಟು, ಆ ಸೈನ್ಯದ ನಾಯಕ, ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಟಿಪ್ಪುವಿನ ಕೈಯಲ್ಲಿ ಎಂತ ಉಂಟು ಗೊತ್ತುಂಟಾ? ಗುಲಾಬಿ! ಎಲ್ಲ ಮುಗಿದ ಮೇಲೆ ಸವಾರಿ ಬರುವ ಹೈದರಾಬಾದಿನ ನಿಜಾಮನನ್ನೂ ಚಿತ್ರಕಾರ ಬಿಟ್ಟಿಲ್ಲ.

1799ರಲ್ಲಿ ಟಿಪ್ಪು ಸತ್ತ ಮೇಲೆ ಇದೇ ಮನೆಯಲ್ಲಿ ಉಳಿದದ್ದು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದನಲ್ಲ, ಅವನೇ. ಮಾಸಿದ ಚಿತ್ರಗಳಿಗೆ ಅವನ ಕಾಲದಲ್ಲಿ ಒಮ್ಮೆ, ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಮತ್ತೊಮ್ಮೆ ಬಣ್ಣ ಬಿತ್ತು. ತಮ್ಮ ಸೋಲಿನ ಚಿತ್ರವನ್ನು ಬ್ರಿಟಿಷರೇ ಮುತುವರ್ಜಿಯಿಂದ ಬರೆಸಿದ್ದು ನನಗೆ ಇಡೀ ಅರಮನೆಗಿಂತ ದೊಡ್ಡ ಸೋಜಿಗ.

ಈಗ ಆ ಇಸವಿಗೆ ಬರುವ. 1784ರ ಮಾರ್ಚ್ 11ರಂದು ಎರಡನೇ ಮೈಸೂರು ಯುದ್ಧ ಮುಗಿಸಿದ ಒಪ್ಪಂದ ಆದದ್ದು ನಮ್ಮ ಮಂಗಳೂರಿನಲ್ಲಿ. ಕಂಪನಿಯ ಮೇಲೆ ಟಿಪ್ಪುವಿನ ಕೈ ಮೇಲಾಗಿದ್ದ ಕಾಲ ಅದು. ಅದೇ ವರ್ಷ, ಬ್ರಿಟಿಷರಿಗೆ ಸಹಾಯ ಮಾಡಿದರು ಎಂಬ ಆರೋಪದಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು, ಘಾಟಿ ಹತ್ತಿಸಿ, ಇದೇ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ಎಷ್ಟೋ ಜನ ದಾರಿಯಲ್ಲೇ ಹೋದರು. ಬದುಕಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರ ನಂತರ. ಅರಮನೆಯ ಚಂದ ಹೇಳಿ ಇದನ್ನು ಬಿಟ್ಟರೆ ಮಂಗಳೂರಿನವನಾಗಿ ನನಗೆ ಸರಿ ಕಾಣುವುದಿಲ್ಲ.

ಇನ್ನು ಟಿಪ್ಪುವಿನ ಸಮಾಧಿ ಇರುವ ಗುಂಬಜ್‌ಗೆ ಹೋಗುವ. ಅದಿರುವುದು ಟಿಪ್ಪುವಿನ ಇನ್ನೊಂದು ತೋಟದಲ್ಲಿ, ಇಲ್ಲಿನ ಲಾಲ್‌ಬಾಗ್‌ನಲ್ಲಿ. 1792ರ ಮುತ್ತಿಗೆಯಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಅಲ್ಲಿನ ಸೈಪ್ರಸ್ ಮರಗಳನ್ನು ಮುತ್ತಿಗೆಯ ಕೆಲಸಕ್ಕೇ ಕಡಿಯಿತು. ತೋಟದ ಅರಮನೆಯಲ್ಲಿ ಗಾಯಾಳುಗಳನ್ನು ಮಲಗಿಸಿದರು.