ರಸ್ತೆಯೂ ಇಲ್ಲ, ಕಾಲುದಾರಿಯೂ ಇಲ್ಲ: ಗೇಟ್ಸ್ ಆಫ್ ದಿ ಆರ್ಕ್ಟಿಕ್‌ಗೆ ಹೋಗುವುದು ಹೇಗೆ?

[ದೃಶ್ಯ: ಅಲಾಸ್ಕಾದ ನಕ್ಷೆ. ಬ್ರೂಕ್ಸ್ ಪರ್ವತಸಾಲಿನತ್ತ ಝೂಮ್]

ಅಮೆರಿಕದ ಈ ನ್ಯಾಷನಲ್ ಪಾರ್ಕಿಗೆ ಟಿಕೆಟ್ ಇಲ್ಲ. ಸುಮ್ನೆ ಚಾರಣಕ್ಕೆ ಹೋಗುವವರಿಗೆ ಪರ್ಮಿಟ್ಟೂ ಬೇಡ. ಒಳಗೆ ರಸ್ತೆ, ಕಾಲುದಾರಿ, ಕ್ಯಾಂಪ್‌ಸೈಟ್ ಯಾವುದೂ ಇಲ್ಲ. ಮೊಬೈಲ್ ಸಿಗ್ನಲ್ಲಂತೂ ಕೇಳಲೇಬೇಡಿ. 1980ರಲ್ಲಿ ಶುರುವಾದ ಪಾರ್ಕ್ ಇದು. ಪಕ್ಕದ ಸಂರಕ್ಷಿತ ಜಾಗವೂ ಸೇರಿದರೆ ಸುಮಾರು 34,000 ಚದರ ಕಿಲೋಮೀಟರ್. ಕೇರಳಕ್ಕಿಂತ ಸ್ವಲ್ಪ ಚಿಕ್ಕದು, ಅಷ್ಟೇ.

[ದೃಶ್ಯ: ಸರೋವರದಲ್ಲಿ ಇಳಿಯುತ್ತಿರುವ ಪುಟ್ಟ ವಿಮಾನ]

ಡಾಲ್ಟನ್ ಹೈವೇ ಪಾರ್ಕಿನ ಪೂರ್ವದ ಅಂಚಿನ ಹತ್ತಿರ ಹಾದುಹೋಗುತ್ತದೆ, ಒಳಗೆ ಮಾತ್ರ ಬರುವುದಿಲ್ಲ. ಹಾಗಾಗಿ ಹೆಚ್ಚಿನವರು ಅಲಾಸ್ಕಾದ ನಗರವಾದ ಫೇರ್‌ಬ್ಯಾಂಕ್ಸ್‌ನಿಂದ ಬೆಟಲ್ಸ್ ಎಂಬ ಸಣ್ಣ ಊರಿಗೆ ಹಾರುತ್ತಾರೆ. ಅಲ್ಲಿಂದ ಇನ್ನೂ ಚಿಕ್ಕ ವಿಮಾನ. ಅದು ನಿಮ್ಮನ್ನು ಯಾವುದೋ ಸರೋವರದಲ್ಲೋ ನದಿಯ ಜಲ್ಲಿದಿಣ್ಣೆಯ ಮೇಲೋ ಇಳಿಸಿ ಹೊರಟುಹೋಗುತ್ತದೆ. ದುಡ್ಡು ಖರ್ಚಾಗುವುದೇ ಇಲ್ಲಿ.

ಕರಡಿ ಸ್ಪ್ರೇ (ಕರಡಿ ಮೈಮೇಲೆ ಬಂದರೆ ಎರಚುವ ಖಾರದ ಸ್ಪ್ರೇ), ಸ್ಟೌವ್‌ನ ಇಂಧನ ಎರಡನ್ನೂ ದೊಡ್ಡ ವಿಮಾನದಲ್ಲಿ ಒಯ್ಯುವಂತಿಲ್ಲ. ಫೇರ್‌ಬ್ಯಾಂಕ್ಸ್ ತಲುಪಿದ ಮೇಲೆಯೇ ಕೊಳ್ಳಬೇಕು. ಊಟದ ಸಾಮಾನನ್ನು ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ ಇಡುವುದು ಕಡ್ಡಾಯ. ಚೀಲ ಕಟ್ಟಿ ಮರಕ್ಕೆ ನೇತುಹಾಕೋಣ ಅಂದರೆ ಉತ್ತರದ ಕಡೆ ಮರಗಳೇ ಇಲ್ಲ!

[ದೃಶ್ಯ: ಹುಲ್ಲುಗುಪ್ಪೆಗಳ ನಡುವೆ ತಡವರಿಸುತ್ತಾ ನಡೆಯುವ ಕಾಲುಗಳು]

ಈಗ ನಡಿಗೆ. ನಕ್ಷೆಯಲ್ಲಿ ಕಣಿವೆ ಸಪಾಟಾಗಿ ಕಾಣುತ್ತದೆ. ನಂಬಬೇಡಿ. ಅಲ್ಲಿರುವುದು ಟಸಕ್, ಅಂದರೆ ಮೊಣಕಾಲೆತ್ತರದವರೆಗೂ ಬೆಳೆಯುವ ಹುಲ್ಲಿನ ಗುಪ್ಪೆಗಳು. ಮೇಲೆ ಕಾಲಿಟ್ಟರೆ ವಾಲುತ್ತವೆ, ನಡುವೆ ಇಟ್ಟರೆ ಕೆಸರು. ಬೆನ್ನ ಮೇಲೆ ವಾರದ ಊಟದ ಭಾರ ಬೇರೆ. ದಿನಕ್ಕೆ 10 ಕಿಲೋಮೀಟರ್ ಆದರೆ ಅದೇ ಜಾಸ್ತಿ. ಪಶ್ಚಿಮ ಘಟ್ಟದ ಚಾರಣದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸೇತುವೆಗಳೂ ಇಲ್ಲ, ಹೊಳೆಗೆ ಇಳಿದೇ ದಾಟಬೇಕು. ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಮಳೆನೀರು ಇಂಗುವುದಿಲ್ಲ. ಎಲ್ಲವೂ ನೇರ ಹೊಳೆಗೆ. ಬೆಳಗ್ಗೆ ಮೊಣಕಾಲಿನವರೆಗೆ ಇದ್ದ ನೀರು ಒಂದು ಮಳೆಗೆ ಸೊಂಟ ಮುಟ್ಟಬಹುದು. ಆಗ ಮಾಡುವುದೇನು? ದಡದಲ್ಲೇ ಡೇರೆ ಹಾಕಿ ಕಾಯುವುದು. ಒಂದು ದಿನ ಹೋದರೂ ಪರವಾಗಿಲ್ಲ.

ಜೂನ್, ಜುಲೈಯಲ್ಲಿ ರಾತ್ರಿಯೂ ಬೆಳಕು, ಜೊತೆಗೆ ಸೊಳ್ಳೆಗಳ ಕಾಟ. ನನ್ನ ಆಯ್ಕೆ ಆಗಸ್ಟ್ ಮಧ್ಯ. ಸೊಳ್ಳೆ ಕಡಿಮೆ, ಟಂಡ್ರಾ, ಅಂದರೆ ಮರಗಳಿಲ್ಲದ ಹುಲ್ಲು-ಪೊದೆಗಳ ಬಯಲು, ಕೆಂಪಾಗುತ್ತಿರುತ್ತದೆ. ಚಳಿ ಮಾತ್ರ ಇರುತ್ತದೆ, ಹಿಮವೂ ಬೀಳಬಹುದು.

[ದೃಶ್ಯ: ಬೆಟ್ಟಗಳನ್ನು ಮುಚ್ಚಿದ ಮೋಡ]

ಅಂದಹಾಗೆ, ಇದು ಜನರಿಲ್ಲದ ಕಾಡಲ್ಲ. ಪಾರ್ಕಿನ ನಡುವೆಯೇ ಅನಕ್ಟುವುಕ್ ಪಾಸ್ ಎಂಬ ಊರಿದೆ. ಅಲ್ಲಿನ ಮೂಲನಿವಾಸಿ ನುನಾಮಿಯುಟ್ ಜನ ಇಂದಿಗೂ ಕ್ಯಾರಿಬೂ (ಕಾಡು ಹಿಮಸಾರಂಗ) ಬೇಟೆಯಾಡುತ್ತಾರೆ, ಕಾನೂನಿನ ಪ್ರಕಾರವೇ. ಊರಿನ ಸುತ್ತಲಿನ ಜಮೀನು ಅವರದು, ಕೇಳದೆ ಡೇರೆ ಹಾಕಬೇಡಿ.

ಇನ್ನು ವಾಪಸಾತಿ. ಮೋಡ ಕವಿದರೆ ಪೈಲಟ್ ಬರುವುದಿಲ್ಲ. ಒಂದು ದಿನ ತಡವಾಗಬಹುದು, ಮೂರು ದಿನವೂ ಆಗಬಹುದು. ಅಷ್ಟು ದಿನಕ್ಕಾಗುವ ಊಟ ಹೆಚ್ಚುವರಿಯಾಗಿ ಇರಲಿ, ಮೊಬೈಲ್ ಸಿಗ್ನಲ್ ಇಲ್ಲದೆಯೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ಇರಲಿ. ಮೊದಲು ಹೇಳಿದ ಜಾಗ ತಲುಪಲಾಗದಿದ್ದರೆ ಎಲ್ಲಿ ಸಿಗುತ್ತೀರಿ ಅನ್ನುವುದನ್ನೂ ಪೈಲಟ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಮತ್ತೆ, ಫೇರ್‌ಬ್ಯಾಂಕ್ಸ್‌ನಿಂದ ಮನೆಗೆ ಹೋಗುವ ಟಿಕೆಟನ್ನು ಮರುದಿನಕ್ಕೇ ಬುಕ್ ಮಾಡಬೇಡಿ.