ತೊಡೆಗೇ ಯಾಕೆ ಈ ಸೂಜಿ?

ಕೇಳುಗರಿಗೆ ನಮಸ್ಕಾರ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಕೆಲಸ ಮಾಡುವವರಿಗೆ ಹೆಜ್ಜೇನು, ಕಣಜದ ಹುಳ ಹೊಸದೇನಲ್ಲ. ಕಚ್ಚಿದರೆ ಉರಿ, ಬಾವು, ಅಷ್ಟೇ ಅಂದುಕೊಳ್ಳುತ್ತೇವೆ. ಆದರೆ ಕೆಲವರಿಗೆ ಅಲರ್ಜಿಯಾಗಿ ಮೈತುಂಬ ದದ್ದು ಏಳುತ್ತದೆ, ಉಸಿರು ಕಟ್ಟುತ್ತದೆ, ರಕ್ತನಾಳಗಳು ಸಡಿಲವಾಗಿ ಬಿಪಿ ಕುಸಿಯುತ್ತದೆ. ಆಗ ಜೀವ ಉಳಿಸುವ ಮದ್ದು ಅಡ್ರಿನಲಿನ್. ಅದನ್ನು ತೊಡೆಗೆ ಸೂಜಿ ಚುಚ್ಚಿ ಕೊಡುತ್ತಾರೆ.

ಇದು ನಮ್ಮ ಮೈಯಲ್ಲೇ ತಯಾರಾಗುವ ಹಾರ್ಮೋನು. ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಗ್ರಂಥಿಗಳಿಂದ ಬರುತ್ತದೆ. ರಕ್ತನಾಳಗಳನ್ನು ಬಿಗಿ ಮಾಡುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಅದು ಅರ್ಧ ಮಾತು. ರಕ್ತದಲ್ಲಿ ಸ್ವಲ್ಪವೇ ಇದ್ದಾಗ ಅದು ಕೈಕಾಲಿನ ಸ್ನಾಯುಗಳ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಜಾಸ್ತಿಯಾದರೆ ಅದೇ ನಾಳಗಳನ್ನು ಬಿಗಿಯುತ್ತದೆ.

ವಿಚಿತ್ರ ಅಲ್ವಾ? ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಡೇಲ್ 1906ರಲ್ಲೇ ಒಂದು ಸೋಜಿಗ ಕಂಡಿದ್ದರು. ಅರ್ಗಟ್ ಎಂಬ ಬೂಷ್ಟಿನ ಸಾರ ಕೊಟ್ಟ ಪ್ರಾಣಿಗಳಲ್ಲಿ ಅಡ್ರಿನಲಿನ್ ಬಿಪಿ ಏರಿಸುವ ಬದಲು ಇಳಿಸಿತು! ಕಾರಣ ಹೊಳೆಯಲು 1948 ಬರಬೇಕಾಯಿತು. ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್, ಜೀವಕೋಶಗಳ ಮೇಲೆ ಅಡ್ರಿನಲಿನ್ ಹಿಡಿಯುವ ಗ್ರಾಹಕಗಳು ಎರಡು ಬಗೆ ಎಂದರು: ಆಲ್ಫಾ ಮತ್ತು ಬೀಟಾ. ನಾಳಗಳಲ್ಲಿ ಆಲ್ಫಾ ಬಿಗಿಯುತ್ತದೆ, ಬೀಟಾ ಸಡಿಲಿಸುತ್ತದೆ. ಅರ್ಗಟ್ ಆಲ್ಫಾವನ್ನು ಕಟ್ಟಿಹಾಕಿತ್ತು, ಹಾಗಾಗಿ ಬೀಟಾ ಕೆಲಸವಷ್ಟೇ ನಡೆದು ಬಿಪಿ ಇಳಿದಿತ್ತು. ಬೀಟಾ ತುಂಬ ಚುರುಕು, ಚೂರು ಸಿಕ್ಕರೂ ಸಾಕು. ಆಲ್ಫಾಕ್ಕೆ ಪ್ರಮಾಣ ಜಾಸ್ತಿ ಬೇಕು, ಆದರೆ ಅದು ಎದ್ದರೆ ಬೀಟಾ ಮಾತು ನಡೆಯುವುದಿಲ್ಲ.

ಜಾಗವೂ ಮುಖ್ಯ. ಚರ್ಮದ ನಾಳಗಳಲ್ಲಿ ಆಲ್ಫಾದ್ದೇ ದರ್ಬಾರು. ಹಾಗಾಗಿ ಚರ್ಮದಡಿ ಚುಚ್ಚಿದ ಅಡ್ರಿನಲಿನ್ ಸುತ್ತಲಿನ ನಾಳಗಳನ್ನು ಮುಚ್ಚಿ ತನ್ನ ದಾರಿಗೆ ತಾನೇ ಅಡ್ಡ ನಿಲ್ಲುತ್ತದೆ. ಹಲ್ಲಿನ ಡಾಕ್ಟರಿಗೆ ಬೇಕಿರುವುದು ಇದೇ ಗುಣ. ಮರಗಟ್ಟಿಸುವ ಮದ್ದಿಗೆ ಇದನ್ನು ಬೆರೆಸಿದರೆ ಮದ್ದು ಅಲ್ಲೇ ನಿಲ್ಲುತ್ತದೆ, ರಕ್ತವೂ ಕಡಿಮೆ ಸೋರುತ್ತದೆ. ಕಣಜ ಕಚ್ಚಿದವರಿಗೆ ಮಾತ್ರ ಅಷ್ಟು ಕಾಯಲಾಗದು. ತೊಡೆಯ ಸ್ನಾಯುವಿನಲ್ಲಿ ರಕ್ತ ಚೆನ್ನಾಗಿ ಓಡುತ್ತದೆ, ಬೀಟಾವೂ ಹೇರಳ. ಮಕ್ಕಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ತೊಡೆಗೆ ಕೊಟ್ಟ ಮದ್ದು ರಕ್ತದಲ್ಲಿ ತುದಿ ಮುಟ್ಟಲು ಸುಮಾರು 8 ನಿಮಿಷ ಹಿಡಿಯಿತು. ಚರ್ಮದಡಿ ಕೊಟ್ಟಾಗ ಸುಮಾರು 34 ನಿಮಿಷ.

ದೊಡ್ಡವರಿಗೆ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ. ಅಷ್ಟನ್ನೇ ನೇರ ರಕ್ತನಾಳಕ್ಕೆ ಒಮ್ಮೆಲೇ ಬಿಟ್ಟರೆ ಬಿಪಿ ಗಕ್ಕನೆ ಏರಿ ಹೃದಯದ ಬಡಿತವೇ ತಾಳ ತಪ್ಪಬಹುದು. ಅದಕ್ಕೇ ತೊಡೆ.

ಅಲರ್ಜಿ ಮಾತ್ರೆ ತುರಿಕೆ ಇಳಿಸುತ್ತದೆ, ಕುಸಿದ ಬಿಪಿ ಎತ್ತುವುದಿಲ್ಲ. ಮಾತ್ರೆ ನುಂಗಿ ಸುಮ್ನೆ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ತಲೆ ಸುತ್ತುತ್ತಿದ್ದರೆ ನಡೆಸಬೇಡಿ, ಕಾಲು ಎತ್ತರಿಸಿ ಮಲಗಿಸಿಯೇ ಕರೆದೊಯ್ಯಿರಿ. ಸೂಜಿಯಾದ ಮೇಲೆ ಎದೆ ಡವಗುಟ್ಟುವುದು, ಕೈ ನಡುಗುವುದು ಆ ಮದ್ದಿನದೇ ಕೆಲಸ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ನಮಸ್ಕಾರ.